ಡಾಕ್ಟರ್ ‘ಹೋದ ಸಲ ಡೇಟ್ ಯಾವಾಗ ಆಗಿತ್ತು?’ ಅಂದರು, ನಾನು ಗೋಡೆ ನೋಡಿದೆ

ಭತ್ತದ ನಾಡಿನಾಕಿ · ಗಂಗಾವತಿ

ಅಕ್ಕಂದಿರೇ, ತಂಗಿಯರೇ, ಒಂದು ನಾಚಿಕೆ ವಿಷಯ ಹೇಳುತ್ತೇನೆ. ನಾಚಿಕೆ ಮುಟ್ಟಿನ ಬಗ್ಗೆ ಅಲ್ಲ, ನನ್ನ ಲೆಕ್ಕದ ಬಗ್ಗೆ.

ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯಾಹ್ನ ಆಯಿತೆಂದರೆ ತಲೆ ಭಾರ. ಮೊನ್ನೆ ಒಂದು ನರ್ಸಿಂಗ್ ಹೋಮ್‌ಗೆ ಹೋಗಿದ್ದೆ. ಟೋಕನ್ 43. ಎರಡೂವರೆ ತಾಸು ಕೂತು ಒಳಗೆ ಹೋದರೆ, ಡಾಕ್ಟರಮ್ಮ ತಲೆ ಎತ್ತದೆ ಕೇಳಿದರು: ಹೋದ ಸಲ ಡೇಟ್ ಯಾವಾಗ ಆಗಿತ್ತು? ಎಷ್ಟು ದಿನ ಹೋಗುತ್ತದೆ? ದಿನಕ್ಕೆ ಎಷ್ಟು ಪ್ಯಾಡ್? ಗಂಟು ಗಂಟಾಗಿ ಹೋಗುತ್ತದಾ?

ನಾನು ಗೋಡೆ ನೋಡಿದೆ. ‘ದಸರಾ ಆದ ಮೇಲೆ, ಮೇಡಂ. ಅಲ್ಲ, ಅದರ ಹಿಂದಿನ ಸಲ ಇರಬೇಕು...’ ಅಂದೆ. ಅವರು ಚೀಟಿ ಮೇಲೆ ಏನೋ ಬರೆದು ಪಕ್ಕಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಆ ಚಿಹ್ನೆ ಈಗಲೂ ಕಣ್ಣ ಮುಂದಿದೆ.

ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಹೇಳಬಲ್ಲೆ. ಮಗನ ಫೀಸಿನ ಕೊನೆ ದಿನ ಹೇಳಬಲ್ಲೆ. ಅಕ್ಕಿ ಮೂಟೆ ಯಾವತ್ತು ಒಡೆದೆ ಅಂತ ಹೇಳಬಲ್ಲೆ. 34 ವರ್ಷ ವಯಸ್ಸು, ಇಪ್ಪತ್ತು ವರ್ಷದಿಂದ ಬರುತ್ತಿರುವುದರ ಲೆಕ್ಕ ಮಾತ್ರ ಇಲ್ಲ.

ನೀವು ಹೇಗೆ ಬರೆದಿಟ್ಟುಕೊಳ್ಳುತ್ತೀರಿ? ಆ್ಯಪ್ ಆ, ಕ್ಯಾಲೆಂಡರ್ ಆ, ಬಾಯಿಪಾಠ ಆ? ಏನೇನು ಬರೆಯಬೇಕು?

ಕೋಟೆ ಕೆಳಗಿನ ಮನೆ · ಬಳ್ಳಾರಿ

ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ ಅಕ್ಕ, ಆದರೆ ಹುಷಾರು. ನಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕವೂ ಇರುತ್ತದೆ. ಮದುವೆಯಾದ ಹೊಸದರಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಡೇಟ್ ಆದ ಐದು ದಿನಕ್ಕೂ ಸಣ್ಣದೊಂದು ಅಡ್ಡಗೆರೆ ಹಾಕಿದ್ದೆ. ತಿಂಗಳ ಕೊನೆಗೆ ಅತ್ತೆ ಅದನ್ನು ನೋಡಿ, ಹಾಲಿನವನು ಐದು ದಿನ ಬಂದಿಲ್ಲ ಅಂತ ದುಡ್ಡು ಹಿಡಿದುಕೊಂಡರು. ಅವನು ಬಾಗಿಲಲ್ಲಿ ನಿಂತು ಜಗಳ. ಅವನ ಪರವಾಗಿ ಮಾತಾಡುವ ಹಾಗೂ ಇಲ್ಲ, ಸುಮ್ಮನೆ ಇರುವ ಹಾಗೂ ಇಲ್ಲ.

ಈಗ ಹಸಿರು ಪೆನ್ನಿನ ಚುಕ್ಕೆ. ಹಾಲಿನದು ಕೆಂಪು. ಅತ್ತೆಗೂ ಹೇಳಿದ್ದೇನೆ.

ಸಿಂಧನೂರು ಸೊಸೆ · ಸಿಂಧನೂರು

ಅಯ್ಯೋ ಆ ಹಾಲಿನವನ ಪಾಪ 😂

ರಾತ್ರಿ ಪಾಳಿ ಸಿಸ್ಟರ್ · ರಾಯಚೂರು

ನಾನು ನರ್ಸ್. 16 ವರ್ಷದ ಸರ್ವಿಸ್, ಅದರಲ್ಲಿ ಹೆಚ್ಚಿನದು ಹೆರಿಗೆ ವಾರ್ಡಿನಲ್ಲಿ. ಗಂಗಾವತಿ ಅಕ್ಕ, ನೀವೊಬ್ಬರೇ ಅಲ್ಲ. ಹತ್ತರಲ್ಲಿ ಏಳೆಂಟು ಜನ ಗೋಡೆ ನೋಡುತ್ತಾರೆ.

ಮೊದಲು ಎಣಿಕೆ ಎಲ್ಲಿಂದ ಅನ್ನೋದನ್ನು ಸರಿ ಮಾಡಿಕೊಳ್ಳಿ. ತುಂಬಾ ಜನ ತಲೆ ಮೇಲೆ ನೀರು ಹಾಕಿಕೊಂಡ ದಿನದಿಂದ ಎಣಿಸುತ್ತಾರೆ. ಅದು ತಪ್ಪು. ರಕ್ತ ಚೆನ್ನಾಗಿ ಕಾಣಿಸಿದ ದಿನವೇ 1ನೇ ದಿನ. ಅಲ್ಲಿಂದ ಮುಂದಿನ ಸಲದ 1ನೇ ದಿನದ ಹಿಂದಿನ ದಿನದವರೆಗೆ ಒಂದು ಚಕ್ರ. ಸುಮ್ನೆ ಒಂದು ಹನಿ ಕಲೆ ಕಂಡರೆ ಅದನ್ನು ಬೇರೆ ಗುರುತು ಮಾಡಿ, 1 ಅಂತ ಬರೆಯಬೇಡಿ.

ಮೊದಲ ಎರಡು ತಿಂಗಳು ಜಾಸ್ತಿ ಏನೂ ಬೇಡ. ಶುರುವಾದ ತಾರೀಖು, ನಿಂತ ತಾರೀಖು, ದಿನಕ್ಕೆ ಬದಲಾಯಿಸಿದ ಪ್ಯಾಡ್ ಎಷ್ಟು. ಇಷ್ಟು ಬರೆಯುವುದು ರೂಢಿಯಾದ ಮೇಲೆ ಮಿಕ್ಕಿದ್ದು. ಮೊದಲ ದಿನವೇ ಇಪ್ಪತ್ತು ಕಲಂ ಹಾಕಿದ ನೋಟ್‌ಬುಕ್ ಎರಡನೇ ವಾರಕ್ಕೆ ಮಕ್ಕಳ ರಫ್ ಪುಸ್ತಕ ಆಗಿರುತ್ತದೆ. ನನ್ನದೂ ಆಗಿದೆ.

ಪ್ಯಾಡ್ ಲೆಕ್ಕ ಯಾಕೆ ಅಂದರೆ, ‘ಜಾಸ್ತಿ ಹೋಗುತ್ತದೆ’ ಅನ್ನುವ ಮಾತು ಒಬ್ಬೊಬ್ಬರಿಗೆ ಒಂದೊಂದು. ಸಾಮಾನ್ಯವಾಗಿ ಒಂದು ಸಲಕ್ಕೆ ಹೋಗುವ ರಕ್ತ 30ರಿಂದ 40 ಮಿಲಿ, ಅಂದರೆ ಆರರಿಂದ ಎಂಟು ಚಹಾ ಚಮಚ. 80 ಮಿಲಿ ದಾಟಿದರೆ ಅದು ಜಾಸ್ತಿ. ಅಳೆಯಲು ಯಾರೂ ಹೋಗುವುದಿಲ್ಲ ಬಿಡಿ. ಒಂದೆರಡು ತಾಸಿಗೆ ಪ್ಯಾಡ್ ತುಂಬುವುದು, ರಾತ್ರಿ ಎದ್ದು ಬದಲಾಯಿಸಬೇಕಾಗುವುದು, ದೊಡ್ಡ ನಾಣ್ಯಕ್ಕಿಂತ ದೊಡ್ಡ ಗಂಟು ಬೀಳುವುದು, ಏಳು ದಿನ ದಾಟುವುದು: ಇವು ಇದ್ದರೆ ಬರೆದುಕೊಂಡೇ ಬನ್ನಿ. ನಿಮಗೆ ಏದುಸಿರು ಬೇರೆ ಇದೆ. ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ, ಮಾಡಿಸಿದರಾ?

ಭತ್ತದ ನಾಡಿನಾಕಿ · ಗಂಗಾವತಿ

ಮಾಡಿಸಿದೆ ಸಿಸ್ಟರ್. 8.9 ಬಂದಿದೆ. ಗುಳಿಗೆ ಕೊಟ್ಟಿದ್ದಾರೆ. ಮೂರು ತಿಂಗಳು ಡೇಟ್ ಬರೆದುಕೊಂಡು ಬನ್ನಿ ಅಂದಿದ್ದಾರೆ. ಅದಕ್ಕೇ ಈ ಪ್ರಶ್ನೆ.

ರಾತ್ರಿ ಪಾಳಿ ಸಿಸ್ಟರ್ · ರಾಯಚೂರು

ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. 8.9 ಸಣ್ಣದಲ್ಲ. ಗುಳಿಗೆ ಮೇಲೆ ಚಾ ಕುಡಿಯಬೇಡಿ, ಕಬ್ಬಿಣದ ಅಂಶವನ್ನು ಚಾ ಮೈಗೆ ಹತ್ತಲು ಬಿಡುವುದಿಲ್ಲ. ಹಾಲೂ ಬೇಡ. ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಸಂಡಾಸು ಕಪ್ಪಗೆ ಹೋದರೆ ಹೆದರಬೇಡಿ, ಗುಳಿಗೆಯಿಂದ ಅದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಎಲ್ಲವೂ ಮುಟ್ಟಿನಿಂದಲೇ ಅಲ್ಲ. ಆದರೆ ‘ಹೆಣ್ಣುಮಕ್ಕಳಿಗೆ ಸುಸ್ತು ಇದ್ದದ್ದೇ’ ಅಂತ ಮನೆಯಲ್ಲಿ ಅನ್ನುತ್ತಾರಲ್ಲ, ಆ ಸುಸ್ತಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಮಾನ್ವಿ ಅತ್ತಿ · ಮಾನ್ವಿ

ನಮ್ಮ ಕಾಲದಲ್ಲಿ ಆ್ಯಪ್ ಎಲ್ಲಿತ್ತು ತಂಗಿ. ನಮ್ಮವ್ವ ಅಮಾಸಿ ಲೆಕ್ಕ ಇಡುತ್ತಿದ್ದಳು. ‘ಮಣ್ಣೆತ್ತಿನ ಅಮಾಸಿಗೆ ಮೂರು ದಿನ ಮುಂಚೆ ಆಗಿತ್ತು, ಈ ಸಲ ಅಮಾಸಿ ದಿನಾನೇ ಆಗ್ಯದ’ ಅನ್ನುವಳು. ಓದು ಬರಹ ಇರಲಿಲ್ಲ. ಲೆಕ್ಕ ತಪ್ಪುತ್ತಿರಲಿಲ್ಲ. ಅಮಾಸಿ ದಿನ ನಮ್ಮಲ್ಲಿ ಗಳೆ ಹೂಡುವುದಿಲ್ಲ, ಹಾಗಾಗಿ ಆ ದಿನ ಯಾರಿಗೂ ಮರೆಯುವುದಿಲ್ಲ. ನಾನೂ ಹಾಗೇ ಇಟ್ಟುಕೊಂಡು ಬಂದೆ.

ರಾತ್ರಿ ಪಾಳಿ ಸಿಸ್ಟರ್ · ರಾಯಚೂರು

ಅತ್ತಿ, ನಿಮ್ಮವ್ವನ ಲೆಕ್ಕ ಚೆನ್ನಾಗಿಯೇ ಇದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. 2019ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಚಕ್ರಗಳ ದಾಖಲೆ ತೆಗೆದು ಒಂದು ಅಧ್ಯಯನ ಮಾಡಿದರು. ಅದರಲ್ಲಿ ಸರಾಸರಿ ಬಂದದ್ದು 29.3 ದಿನ. ಪುಸ್ತಕದಲ್ಲಿ ಓದುತ್ತೇವಲ್ಲ, 28 ದಿನ, ಅದು ಸರಿಯಾಗಿ ಬಂದದ್ದು ನೂರಕ್ಕೆ ಸುಮಾರು 13 ಚಕ್ರಗಳಲ್ಲಿ ಮಾತ್ರ! ಚಂದ್ರನಿಂದ ಮುಟ್ಟು ಬರುತ್ತದೆ ಅಂತ ಇದರ ಅರ್ಥ ಅಲ್ಲ. ಗೋಡೆ ಮೇಲೆ ಕ್ಯಾಲೆಂಡರ್ ಇಲ್ಲದವರಿಗೆ ಆಕಾಶದಲ್ಲಿ ಒಂದು ಇತ್ತು, ಅಷ್ಟೇ.

21ರಿಂದ 35 ದಿನದೊಳಗೆ ಎಷ್ಟಾದರೂ ಇರಬಹುದು. ಈ ತಿಂಗಳು 27, ಮುಂದಿನ ತಿಂಗಳು 31 ಆದರೆ ಗಾಬರಿ ಬೇಡ.

ಎರಡು ಜಡೆ · ಯಲಬುರ್ಗಾ

ಅಕ್ಕ, ನಾನು ಪಿಯುಸಿ. ನನಗೆ ಒಂದು ಸಲ 40 ದಿನಕ್ಕೆ ಆಯಿತು, ಆಮೇಲೆ 26ಕ್ಕೇ ಆಯಿತು. ಆ್ಯಪ್‌ನಲ್ಲಿ ಕೆಂಪಗೆ ‘11 ದಿನ ತಡ’ ಅಂತ ಬಂತು. ಅವ್ವ ಅದನ್ನು ನೋಡಿ ನನ್ನ ಮುಖ ನೋಡಿದಳು. ಏನೂ ಇಲ್ಲ ಅಂದರೂ ಎರಡು ದಿನ ಮಾತಾಡಲಿಲ್ಲ.

ಹಾಸ್ಟೆಲ್ ಮಿಸ್ · ಕುಷ್ಟಗಿ

ಪುಟ್ಟಾ, ದೊಡ್ಡಾಕಿ ಆಗಿ ಎಷ್ಟು ವರ್ಷ ಆಯಿತು? ಮೊದಲ ಎರಡು ಮೂರು ವರ್ಷ 21ರಿಂದ 45 ದಿನದವರೆಗೂ ಹಿಂದೆ ಮುಂದೆ ಆಗುತ್ತದೆ. ಮೈ ಇನ್ನೂ ಲಯ ಹಿಡಿಯುತ್ತಿರುತ್ತದೆ. ಮೂರು ತಿಂಗಳು ಬರಲೇ ಇಲ್ಲ ಅಂದರೆ, ಅಥವಾ 15 ತುಂಬಿದರೂ ಶುರುವೇ ಆಗಿಲ್ಲ ಅಂದರೆ ತೋರಿಸಬೇಕು. ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರುತ್ತದೆ, ಕೇಳಿ ನೋಡು.

ಆ್ಯಪ್‌ಗೆ ನಿನ್ನ ವಯಸ್ಸು ಗೊತ್ತಿಲ್ಲ. ಮೂರು ನಾಲ್ಕು ಸಲದ ಸರಾಸರಿ ತೆಗೆದು ಮುಂದಿನದನ್ನು ಊಹೆ ಮಾಡುತ್ತದೆ. ‘ತಡ’ ಅಂದರೆ ಅದರ ಊಹೆಗಿಂತ ತಡ. ನಿನಗೆ ಅಲ್ಲ.

ನಮ್ಮ ಹಾಸ್ಟೆಲ್‌ನಲ್ಲಿ ನಾನು ಮಾಡಿದ್ದು ಹೇಳುತ್ತೇನೆ. ಏಳನೇ ಕ್ಲಾಸಿನಿಂದ ಮೇಲಿನ ಹುಡುಗಿಯರಿಗೆ ಅಂಗೈ ಅಗಲದ ಒಂದೊಂದು ಪಾಕೆಟ್ ಡೈರಿ ಕೊಟ್ಟೆ. ಹೆಸರು ಬರೆಯುವ ಹಾಗಿಲ್ಲ, ಮೇಲೆ ಒಂದು ಚಿತ್ರ ಅಂಟಿಸಿಕೊಳ್ಳಬೇಕು. ಒಬ್ಬಳದು ನವಿಲು, ಒಬ್ಬಳದು ಬಸ್ಸು. ಮೊದಲು ಎಲ್ಲರೂ ನಕ್ಕರು. ಆರು ತಿಂಗಳಿಗೆ ಬಸ್ಸಿನ ಹುಡುಗಿ ತಾನೇ ಬಂದು, ‘ಮಿಸ್, ಪರೀಕ್ಷೆ ಇರುವ ತಿಂಗಳು ನನಗೆ ವಾರ ತಡ ಆಗುತ್ತದೆ, ಮೂರು ಸಲ ನೋಡಿದೆ’ ಅಂದಳು. ಯಾವ ಪುಸ್ತಕದಲ್ಲೂ ಓದಿದ್ದಲ್ಲ ಅದು, ತನ್ನದೇ ಡೈರಿಯಲ್ಲಿ ಕಂಡದ್ದು. ಟೆನ್ಷನ್‌ಗೆ ಅಂಡ ಬಿಡುಗಡೆ ಆಗುವುದು ತಡ ಆಗಬಹುದು, ಅದಕ್ಕೆ ತಕ್ಕಂತೆ ಡೇಟೂ ತಡ ಆಗುತ್ತದೆ.

ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಗುಳಿಗೆಯನ್ನೂ ಅದರಲ್ಲೇ ಗುರುತು ಮಾಡಿಸುತ್ತೇನೆ. ಕಿಟಕಿಯಿಂದ ಎಸೆಯುವುದು ಸ್ವಲ್ಪ ಕಡಿಮೆ ಆಗಿದೆ. ಸ್ವಲ್ಪ.

ಔಷಧಿ ಅಂಗಡಿ · ಕೊಪ್ಪಳ

ನಾನು ಗಂಡಸು. ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಬೇಡ ಅಂದರೆ ಅಳಿಸುತ್ತೇನೆ.

ಕೋಟೆ ಕೆಳಗಿನ ಮನೆ · ಬಳ್ಳಾರಿ

ಬರೆಯಿರಿ ಅಣ್ಣ. ಪ್ಯಾಡಿಗೆ ಪೇಪರ್ ಸುತ್ತಿ ಕರಿ ಕವರ್ ಹಾಕಿ ಕೊಡುವವರು ನೀವೇ ಅಲ್ವಾ.

ಔಷಧಿ ಅಂಗಡಿ · ಕೊಪ್ಪಳ

ಕವರ್ ಬಿಟ್ಟು ಐದು ವರ್ಷ ಆಯಿತು ಅಕ್ಕ. ಈಗ ಗಿರಾಕಿಗಳೇ ಕೇಳುತ್ತಾರೆ. ಖರ್ಚು ಜಾಸ್ತಿ ಅನ್ನುವವರಿಗೆ ಜನೌಷಧಿ ಕೇಂದ್ರಕ್ಕೆ ಹೋಗಿ ಅಂತಲೂ ಹೇಳುತ್ತೇನೆ, 2019ರಿಂದ ಅಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ನನ್ನ ವ್ಯಾಪಾರಕ್ಕೆ ಕಲ್ಲು, ಇರಲಿ.

ಹೇಳಬೇಕಿದ್ದದ್ದು ಬೇರೆ. ಜನವರಿಯಲ್ಲಿ ಗವಿಮಠದ ಜಾತ್ರೆ, ಬೇಸಿಗೆಯಲ್ಲಿ ಹುಲಿಗಿ ಜಾತ್ರೆ, ನಡುವೆ ಮದುವೆ ಸೀಸನ್. ಅದರ ಹಿಂದಿನ ವಾರ ‘ಡೇಟ್ ಮುಂದೆ ಹೋಗುವ ಗುಳಿಗೆ’ ಕೇಳಿಕೊಂಡು ಬರುವವರು ಎಷ್ಟು ಜನ ಅಂತೀರಿ. ಚೀಟಿ ಇಲ್ಲದೆ ಕೊಡಬಾರದ ಗುಳಿಗೆ ಅದು. ‘ಎಂದು ಆಗಬೇಕಿತ್ತು?’ ಅಂತ ಕೇಳಿದರೆ, ‘ನಾಳೆ ನಾಡಿದ್ದು ಇರಬೇಕು’ ಅನ್ನುತ್ತಾರೆ. ಆ ಗುಳಿಗೆಯನ್ನು ಡಾಕ್ಟರು ಬರೆಯುವುದೇ ಡೇಟ್‌ಗೆ ಮೂರು ದಿನ ಮೊದಲು ಶುರು ಮಾಡಲು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಆಗುತ್ತದೆ. ತಾರೀಖೇ ಗೊತ್ತಿಲ್ಲದವರು ನುಂಗಿ, ಜಾತ್ರೆ ದಿನವೇ ಕಲೆ ಕಂಡು, ಮತ್ತೆ ಅಂಗಡಿಗೆ ಬಂದು ನನ್ನನ್ನು ಬೈಯುತ್ತಾರೆ. ಲಿವರ್ ತೊಂದರೆ ಇರುವವರಿಗೆ, ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಅದು ಆಗಿಬರುವುದೂ ಇಲ್ಲ.

ನನ್ನ ಹೆಂಡತಿಯದನ್ನು ಅಂಗಡಿಯ ಡೈರಿಯಲ್ಲಿ ನಾನೇ ಬರೆದಿಡುತ್ತೇನೆ. ಅವಳೇ ಹೇಳಿದ್ದು, ‘ನೀವು ಸ್ಟಾಕ್ ಬರೆಯುತ್ತೀರಲ್ಲ, ಇದನ್ನೂ ಬರೆಯಿರಿ’ ಅಂತ.

ಸಿಂಧನೂರು ಸೊಸೆ · ಸಿಂಧನೂರು

ಗುಳಿಗೆ ನುಂಗಿದ ತಿಂಗಳನ್ನು ಬೇರೆಯಾಗಿ ಗುರುತು ಮಾಡಿ ಅಂತ ನನಗೆ ಯಾರೂ ಹೇಳಿರಲಿಲ್ಲ. ತಂಗಿ ಮದುವೆಗೆ ನುಂಗಿದ್ದೆ, ಆ್ಯಪ್ ನನಗೆ 39 ದಿನದ ಚಕ್ರ ಅಂತ ತೀರ್ಮಾನ ಮಾಡಿಬಿಟ್ಟಿತು.

ನನ್ನ ಕಥೆ ಬೇರೆ ಇದೆ. ನನಗೆ ಸಿಟ್ಟು ಜಾಸ್ತಿ. ಮನೆಯವರು ‘ಇವಳಿಗೆ ಆ ಟೈಮ್ ಬಂತು’ ಅನ್ನುತ್ತಿದ್ದರು. ನೆಟ್‌ನಲ್ಲಿ ಪಿಎಂಎಸ್ (ಡೇಟ್‌ಗೆ ಮುಂಚೆ ಮೈಗೆ, ಮನಸ್ಸಿಗೆ ಆಗುವ ತೊಂದರೆ) ಅಂತ ಓದಿ ಅದೇ ಇರಬೇಕು ಅಂದುಕೊಂಡೆ. ಡಾಕ್ಟರ್ ಹತ್ತಿರ ಹೋದರೆ, ಎರಡು ಚಕ್ರ ದಿನಾ ರಾತ್ರಿ ಬರೆಯಿರಿ ಅಂದರು. ಸಿಟ್ಟಿಗೆ 0ಯಿಂದ 3ರವರೆಗೆ ಮಾರ್ಕ್ಸ್. ಅಳು, ನಿದ್ದೆ, ಎದೆ ಬಿಗಿತ, ಹೊಟ್ಟೆ ಉಬ್ಬರ ಎಲ್ಲಕ್ಕೂ ಹಾಗೇ. ಪಿಎಂಎಸ್ ಆದರೆ ಡೇಟ್‌ಗೆ ಒಂದು ಎರಡು ವಾರ ಮುಂಚೆ ಶುರುವಾಗಿ, ಡೇಟ್ ಆದ ಕೆಲವು ದಿನಕ್ಕೆ ಇಳಿಯಬೇಕಂತೆ. ಆಮೇಲೆ ಒಂದು ವಾರವಾದರೂ ನೆಮ್ಮದಿಯಾಗಿ ಇರಬೇಕಂತೆ.

ಬರೆದೆ. ಹೊಟ್ಟೆ ಉಬ್ಬರ, ಎದೆ ಬಿಗಿತ ಸರಿಯಾಗಿ ಡೇಟ್‌ಗೆ ಐದು ದಿನ ಮುಂಚೆ ಬಂದು ಹೋಗುತ್ತಿತ್ತು. ಸಿಟ್ಟು ಮಾತ್ರ ತಿಂಗಳು ಪೂರ್ತಿ 2, 3, 2, 3. ಒಂದೇ ವಾರ 0 ಇತ್ತು. ಆ ವಾರ ನಾನು ತವರಿಗೆ ಹೋಗಿದ್ದೆ.

ಕೋಟೆ ಕೆಳಗಿನ ಮನೆ · ಬಳ್ಳಾರಿ

ಈ ಕಾಗದವನ್ನು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತುಹಾಕಿ.

ಜೀನ್ಸ್ ಮಿಷನ್ · ಬಳ್ಳಾರಿ

ನಾನು ಜೀನ್ಸ್ ಹೊಲಿಯುವ ಕೆಲಸ ಮಾಡುತ್ತೇನೆ. ಪೀಸ್ ಲೆಕ್ಕದ ಕೂಲಿ. ದಿನಾ ಎಷ್ಟು ಜೇಬು ಹಚ್ಚಿದೆ ಅಂತ ಒಂದು ಪುಸ್ತಕ ಇಟ್ಟಿದ್ದೇನೆ, ಇಲ್ಲದಿದ್ದರೆ ಶನಿವಾರ ಕೂಲಿ ಕೊಡುವಾಗ ತಕರಾರು.

ಈ ಚರ್ಚೆ ಓದಿ ನಿನ್ನೆ ರಾತ್ರಿ ಆ ಪುಸ್ತಕ ತೆಗೆದೆ. ಡೇಟ್ ಬರೆದಿರಲಿಲ್ಲ. ಆದರೂ ಕಾಣುತ್ತದೆ! ದಿನಾ 150 ಹಚ್ಚುವವಳು ತಿಂಗಳಿಗೆ ಎರಡು ದಿನ 90, 85. ಮರುದಿನ 120. ಎಂಟು ತಿಂಗಳು ಹಾಗೇ ಇದೆ. ನಡುವಿನ ಅಂತರ ಎಣಿಸಿದೆ: 27, 28, 27, 29... ಒಂದು ಕಡೆ 55 ಬಂತು, ಅಂದರೆ ನಡುವೆ ಒಂದು ಸಲ ನೋವು ಕಡಿಮೆ ಇತ್ತು ಅಂತ ಕಾಣುತ್ತದೆ. ನನಗೇ ಗೊತ್ತಿಲ್ಲದೆ ನನ್ನ ಲೆಕ್ಕ ನಾನೇ ಇಟ್ಟಿದ್ದೇನೆ.

2025ರಲ್ಲಿ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳದ ಮುಟ್ಟಿನ ರಜೆ ಅಂತ ಮಾಡಿತು, ವರ್ಷಕ್ಕೆ 12. ಪೇಪರ್‌ನಲ್ಲಿ ನಾನೂ ಓದಿದೆ. ಪೀಸ್‌ಗೆ ದುಡಿಯುವವಳಿಗೆ ರಜೆ ಅಂದರೆ ಪೀಸ್ ಇಲ್ಲ, ಅಷ್ಟೇ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ನಮ್ಮಕ್ಕನಿಗೂ ಅಷ್ಟೇ.

ಆದರೂ ಒಂದು ಲಾಭ. ಆ ಎರಡು ದಿನ ಯಾವಾಗ ಅಂತ ಮೊದಲೇ ಗೊತ್ತಿದ್ದರೆ ಹಿಂದಿನ ವಾರ ಸ್ವಲ್ಪ ಜಾಸ್ತಿ ಹಚ್ಚಬಹುದು. ನೋವಿನ ಗುಳಿಗೆ ಬ್ಯಾಗಲ್ಲಿ ಇಟ್ಟುಕೊಳ್ಳಬಹುದು.

ರಾತ್ರಿ ಪಾಳಿ ಸಿಸ್ಟರ್ · ರಾಯಚೂರು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ಅಕ್ಕ. ನೋವನ್ನು ‘ಜಾಸ್ತಿ, ಕಡಿಮೆ’ ಅಂತ ಬರೆಯುವುದಕ್ಕಿಂತ ಏನು ಮಾಡಲು ಆಗಲಿಲ್ಲ ಅಂತ ಬರೆಯುವುದು ಮೇಲು. ‘150ರ ಬದಲು 85’ ಅಂದರೆ ಯಾವ ಡಾಕ್ಟರಿಗೂ ಅರ್ಥ ಆಗುತ್ತದೆ.

ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಮಾತ್ರ ತೆಗೆದುಕೊಳ್ಳಬೇಡಿ. ಗ್ಯಾಸ್ಟ್ರಿಕ್, ಕಿಡ್ನಿ ತೊಂದರೆ ಇರುವವರು ಕೇಳಿಯೇ ತೆಗೆದುಕೊಳ್ಳಬೇಕು. ಮೊದಲು ಇಲ್ಲದ ನೋವು ವರ್ಷ ವರ್ಷ ಏರುತ್ತಿದ್ದರೆ, ಡೇಟ್ ಇಲ್ಲದ ದಿನವೂ ಇದ್ದರೆ, ಅದು ‘ಎಲ್ಲರಿಗೂ ಇರುವ ನೋವು’ ಅಲ್ಲ.

ಸುಮ್ನಿರಿ · ರಾಯಚೂರು

ನಾನು ಇದರ ವಿರುದ್ಧ. ಎಲ್ಲರೂ ಹೊಗಳುತ್ತಿದ್ದೀರಿ ಅಂತ ಹೇಳುತ್ತಿದ್ದೇನೆ.

ಮಗು ಬೇಕು ಅಂತ ಮೂರು ವರ್ಷ ಎಲ್ಲಾ ಬರೆದೆ. ಬೆಳಗ್ಗೆ ಏಳುವ ಮೊದಲೇ ಥರ್ಮಾಮೀಟರ್. ಅಂಡ ಬಿಡುಗಡೆ ಆದ ಮೇಲೆ ಅರ್ಧ ಡಿಗ್ರಿಯಷ್ಟು ಏರುತ್ತದೆ, ಅದನ್ನು ಗೆರೆ ಎಳೆದು ನೋಡುವುದು. ರಾಯಚೂರಿನ ಮೇ ತಿಂಗಳಲ್ಲಿ, ರಾತ್ರಿ ಕರೆಂಟ್ ಹೋಗಿ ನಿದ್ದೆಯೇ ಇಲ್ಲದೆ, ಆ ಅರ್ಧ ಡಿಗ್ರಿ ಹುಡುಕಿದ್ದೇನೆ. ಬಿಳಿ ಹೋಗುವುದು ಮೊಟ್ಟೆಯ ಬಿಳಿ ಥರ ಇದೆಯಾ ಇಲ್ಲವಾ ಅಂತ ದಿನಾ ನೋಡಿದ್ದೇನೆ. ಆಫೀಸ್ ಮೀಟಿಂಗ್‌ನಲ್ಲಿ ಎಲ್ಲರೆದುರು ಮೊಬೈಲ್ ಪರದೆ ಮೇಲೆ ‘ಇಂದು ನಿಮ್ಮ ಫಲವತ್ತಾದ ದಿನ’ ಅಂತ ಬಂತು.

ಪ್ರತಿ ತಿಂಗಳೂ 26ನೇ ದಿನದಿಂದ ಮೈಯ ಪ್ರತಿ ಸೆಳೆತಕ್ಕೂ ಒಂದು ಅರ್ಥ ಹುಡುಕುವುದು. ಒಂದು ದಿನ ಎಲ್ಲಾ ಅಳಿಸಿ ಹಾಕಿದೆ. ಮಗು ಆಗಿಲ್ಲ. ಅಳಿಸಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ.

ಭತ್ತದ ನಾಡಿನಾಕಿ · ಗಂಗಾವತಿ

ನೀವು ಹೇಳಿದ್ದು ಒಳ್ಳೆಯದಾಯಿತು. ನಾನು ತಾರೀಖು ಮತ್ತು ಪ್ಯಾಡ್ ಅಷ್ಟೇ ಬರೆಯುತ್ತೇನೆ.

ಕೋಡ್ ಬರೆಯುವವ · ಬೆಂಗಳೂರು, ಊರು ಸಿರುಗುಪ್ಪ

ಆ್ಯಪ್ ಬಗ್ಗೆ ಒಂದು ಮಾತು. 2021ರಲ್ಲಿ ಫ್ಲೋ ಅನ್ನುವ ಆ್ಯಪ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹಾಕಿ, ಕೊನೆಗೆ ಅದು ಒಪ್ಪಂದದಲ್ಲಿ ಮುಗಿಯಿತು. ಗುಟ್ಟಾಗಿ ಇಡುತ್ತೇವೆ ಅಂದಿದ್ದ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳ ಜೊತೆ ಹಂಚಿಕೊಂಡಿತು ಅನ್ನುವುದು ದೂರು. ಹಾಕುವ ಮೊದಲು ಸೆಟ್ಟಿಂಗ್ಸ್ ನೋಡಿ. ಅಕೌಂಟ್ ಕೇಳದೆ ಮೊಬೈಲ್‌ನಲ್ಲೇ ಉಳಿಸುವಂಥವೂ ಇವೆ. ಪರದೆ ಮೇಲೆ ಸೂಚನೆ ಬರುವುದನ್ನು ಮೊದಲು ಬಂದ್ ಮಾಡಿ.

ನಮ್ಮ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದ ಕಾಲದಲ್ಲಿ ಅಕ್ಕ ‘ಕಾಯಿಪಲ್ಲೆ ಲೆಕ್ಕ’ ಅನ್ನುವ ಹೆಸರಲ್ಲಿ ನೋಟ್ಸ್‌ನಲ್ಲಿ ಬರೆಯುತ್ತಿದ್ದಳು. ಬದನೆಕಾಯಿ ಅಂದರೆ ಶುರು, ಸೌತೆಕಾಯಿ ಅಂದರೆ ಮುಗಿಯಿತು. ನಾನು ಒಂದು ಸಲ ಅದನ್ನು ನೋಡಿ ಮಾರ್ಕೆಟ್‌ನಿಂದ ಎರಡು ಕೇಜಿ ಬದನೆಕಾಯಿ ತಂದಿದ್ದೆ.

ಎರಡು ಜಡೆ · ಯಲಬುರ್ಗಾ

😂😂 ನಾನು ಇವತ್ತಿನಿಂದ ‘ಕೆಮಿಸ್ಟ್ರಿ ಟೆಸ್ಟ್’ ಅಂತ ಬರೆಯುತ್ತೇನೆ

ಸಿಂಧನೂರು ಸೊಸೆ · ಸಿಂಧನೂರು

ಒಂದು ಡೌಟ್. ‘ಸೇಫ್ ಡೇಸ್’ ತೋರಿಸುತ್ತದಲ್ಲ ಆ್ಯಪ್, ಅದನ್ನು ನಂಬಬಹುದಾ?

ರಾತ್ರಿ ಪಾಳಿ ಸಿಸ್ಟರ್ · ರಾಯಚೂರು

ಹೆರಿಗೆ ವಾರ್ಡಿನಲ್ಲಿ ಆ ‘ಸೇಫ್ ಡೇಸ್’ ಮಕ್ಕಳನ್ನು ಎಷ್ಟು ಎತ್ತಿಕೊಂಡಿದ್ದೇನೆ ಗೊತ್ತಾ!

ಅಂಡ ಬಿಡುಗಡೆ ಆಗುವುದು ಮುಂದಿನ ಡೇಟ್‌ಗೆ ಸುಮಾರು 14 ದಿನ ಮುಂಚೆ. ಹಿಂದಿನ ಡೇಟ್ ಆಗಿ 14ನೇ ದಿನಕ್ಕೆ ಅಲ್ಲ, ಇಲ್ಲೇ ಎಲ್ಲರೂ ಎಡವುವುದು. 26 ದಿನದವರಿಗೆ 12ನೇ ದಿನದ ಹತ್ತಿರ, 35 ದಿನದವರಿಗೆ 21ರ ಹತ್ತಿರ. ಮುಂದಿನ ಡೇಟ್ ಎಂದು ಅಂತ ಮೊದಲೇ ಯಾರಿಗೆ ಗೊತ್ತು? ಗಂಡಸಿನ ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು. ಅಂಡ ಒಂದು ದಿನ. ಮಗು ಬೇಡ ಅನ್ನುವವರು ಕ್ಯಾಲೆಂಡರ್ ಒಂದನ್ನೇ ನೆಚ್ಚಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಅಂತರ ಇಂಜೆಕ್ಷನ್, ಛಾಯಾ ಗುಳಿಗೆ, ಕಾಪರ್-ಟಿ ಪುಕ್ಕಟೆ ಸಿಗುತ್ತವೆ. ಇವುಗಳಲ್ಲಿ ಯಾವುದು ಶುರು ಮಾಡಿದರೂ ಆ ತಾರೀಖು ಪುಸ್ತಕದಲ್ಲಿ ಇರಲಿ. ಅಂತರ ಇಂಜೆಕ್ಷನ್ ಹಾಕಿಸಿಕೊಂಡರೆ ಡೇಟ್ ಏರುಪೇರಾಗಬಹುದು, ನಿಂತೂ ಹೋಗಬಹುದು. ಕಾಪರ್-ಟಿ ಹಾಕಿಸಿದ ಮೊದಲ ಕೆಲವು ತಿಂಗಳು ಸ್ವಲ್ಪ ಜಾಸ್ತಿ ಹೋಗುತ್ತದೆ.

ಬಸುರಾದ ಮೇಲೂ ಮೊದಲು ಕೇಳುವುದು ಇದೇ ತಾರೀಖು. ತಾಯಿ ಕಾರ್ಡ್‌ನಲ್ಲಿ ಅದನ್ನೇ ಬರೆಯುತ್ತಾರೆ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆ ದಿನ. ಒಬ್ಬಾಕೆ ‘ಹುಲಿಗೆಮ್ಮನ ಜಾತ್ರೆ ಆದ ಮರುವಾರ, ಮಳೆ ಬಂದಿತ್ತು’ ಅಂದಿದ್ದಳು. ಅದೂ ನಡೆಯುತ್ತದೆ, ಜಾತ್ರೆಗೆ ತಾರೀಖು ಇದೆಯಲ್ಲ. ಏನೂ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಆಗಲೇಬೇಕು, ತಡವಾದಷ್ಟೂ ಅಂದಾಜು ಸಡಿಲ.

ಮಾನ್ವಿ ಅತ್ತಿ · ಮಾನ್ವಿ

ನನಗೆ ಈಗ 49. ಹೋದ ವರ್ಷ ನಾಲ್ಕು ತಿಂಗಳು ಆಗಲೇ ಇಲ್ಲ. ಮುಗಿಯಿತು ಅಂತ ಖುಷಿಪಟ್ಟೆ. ಐದನೇ ತಿಂಗಳು ಶುರುವಾದದ್ದು 12 ದಿನ ನಿಲ್ಲಲಿಲ್ಲ. ಒಂದು ದವಾಖಾನೆಗೆ ಹೋದರೆ ಐದು ನಿಮಿಷದಲ್ಲಿ ಹೇಳಿದರು, ‘ಗರ್ಭಚೀಲ ತೆಗೆಸಿಬಿಡು. ಮಕ್ಕಳು ಆಗ್ಯಾವಲ್ಲ, ಇನ್ನು ಯಾಕೆ ಬೇಕು?’ ನಮ್ಮ ಓಣಿಯಲ್ಲಿ ಹೀಗೆ ಮೂವತ್ತೈದು ನಲವತ್ತಕ್ಕೇ ತೆಗೆಸಿಕೊಂಡವರು ಆರು ಜನ ಇದ್ದಾರೆ. ಈಗ ಸೊಂಟ ಹಿಡಿದುಕೊಂಡು ಕೂರುತ್ತಾರೆ.

ಮಗಳು ಒಪ್ಪಲಿಲ್ಲ. ನನ್ನ ಅಮಾಸಿ ಲೆಕ್ಕವನ್ನೆಲ್ಲ ಕೂಡಿಸಿ ಕಾಗದದ ಮೇಲೆ ತಾರೀಖು ಮಾಡಿ ಬರೆದಳು, ಎರಡು ವರ್ಷದ್ದು. ಎಳ್ಳಮಾಸಿ, ಶಿವರಾತ್ರಿ, ಕಾರಹುಣ್ಣಿಮೆ ಎಲ್ಲಾ ಪಂಚಾಂಗ ನೋಡಿ ತಾರೀಖು ಹಾಕಿದಳು. ಆ ಕಾಗದ ಹಿಡಿದುಕೊಂಡು ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ಅದನ್ನು ಪೂರ್ತಿ ಓದಿದರು. ಸ್ಕ್ಯಾನ್ ಮಾಡಿ, ಒಳಪದರದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇಲ್ಲ ಅಂತ ಬಂತು. ಔಷಧಿಯಲ್ಲೇ ಹತೋಟಿಗೆ ಬಂದಿದೆ.

ಎಲ್ಲರಿಗೂ ಹೀಗೇ ಅಂತ ಹೇಳುವುದಿಲ್ಲ. ನಮ್ಮ ನಾದಿನಿಗೆ ತೆಗೆಸಲೇಬೇಕಾಯಿತು, ದೊಡ್ಡ ಗಡ್ಡೆ ಇತ್ತು. ಆದರೆ ಐದು ನಿಮಿಷದಲ್ಲಿ ತೀರ್ಮಾನ ಆಗಬಾರದು.

ರಾತ್ರಿ ಪಾಳಿ ಸಿಸ್ಟರ್ · ರಾಯಚೂರು

ಅತ್ತಿ, ಹಸಿರು ಚುಕ್ಕೆಯೋ ಅಮಾಸಿಯೋ, ಇನ್ನೂ ಇಟ್ಟುಕೊಳ್ಳಿ. ಪೂರ್ತಿ 12 ತಿಂಗಳು ಆಗದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಹಾಗೆ ನಿಂತ ಮೇಲೆ ಒಂದು ಹನಿ ಕಂಡರೂ ಆ ವಾರವೇ ತೋರಿಸಿ. ‘ಮತ್ತೆ ಶುರುವಾಯಿತು’ ಅಂತ ಸುಮ್ಮನೆ ಇರಬೇಡಿ.

(ಮೂರೂವರೆ ತಿಂಗಳ ನಂತರ)

ಭತ್ತದ ನಾಡಿನಾಕಿ · ಗಂಗಾವತಿ

ಈ ಚರ್ಚೆ ಮೇಲೆ ತರುತ್ತಿದ್ದೇನೆ. ಆಮೇಲೆ ಏನಾಯಿತು ಅಂತ ನಿಮಗೆಲ್ಲ ಹೇಳಬೇಕು.

ಮಗನ ಹಳೇ ಟೈಮ್‌ಟೇಬಲ್‌ನ ಹಿಂಬದಿಯಲ್ಲಿ ಬರೆದೆ. ಆ್ಯಪ್ ಹಾಕಲಿಲ್ಲ. ಮೊದಲ ಸಲ 8 ದಿನ, ಒಟ್ಟು 31 ಪ್ಯಾಡ್. ಎರಡನೇ ಸಲ 9 ದಿನ, 34. ಮೂರನೇ ಸಲ 8 ದಿನ, 29. ಎರಡನೇ ದಿನ ರಾತ್ರಿ ಪ್ರತಿ ಸಲವೂ ಎರಡು ಸಲ ಎದ್ದಿದ್ದೇನೆ. ತಲೆನೋವು ಮೂರು ಸಲವೂ ಡೇಟ್‌ಗೆ ಎರಡು ದಿನ ಮುಂಚೆ ಬಂದಿದೆ. ಬಿಸಿಲಿಗೆ ಅಂದುಕೊಂಡಿದ್ದೆ, ಮೋಡ ಇದ್ದ ದಿನವೂ ಬಂತು. ಅಂತರ 25, 26. ಏರುಪೇರು ಅಂದುಕೊಂಡಿದ್ದು ಏರುಪೇರೇ ಅಲ್ಲ, ಸರಿಯಾಗಿ ಬರುತ್ತಿದೆ, ಜಾಸ್ತಿ ಹೋಗುತ್ತಿದೆ.

ಅದೇ ಡಾಕ್ಟರಮ್ಮ. ಟೋಕನ್ 38. ‘ಹೋದ ಸಲ...’ ಅನ್ನುವಷ್ಟರಲ್ಲಿ ಕಾಗದ ಮುಂದಿಟ್ಟೆ. ಈ ಸಲ ತಲೆ ಎತ್ತಿದರು. ಥೈರಾಯ್ಡ್ ಮಾಡಿಸಿದರು, ಅದು ಸರಿ ಇದೆ. ಸ್ಕ್ಯಾನ್‌ನಲ್ಲಿ ಗರ್ಭಚೀಲದಲ್ಲಿ ಸಣ್ಣ ಗಡ್ಡೆ ಕಂಡಿದೆ, 3 ಸೆಂಟಿಮೀಟರ್‌ನದು. ಈಗಲೇ ಆಪರೇಷನ್ ಏನೂ ಬೇಡ, ಜಾಸ್ತಿ ಹೋಗುವ ದಿನಗಳಿಗೆ ಗುಳಿಗೆ ಕೊಡುತ್ತೇನೆ, ಬರೆಯುವುದು ನಿಲ್ಲಿಸಬೇಡಿ ಅಂದರು. ಎಚ್‌ಬಿ 10.7 ಆಗಿದೆ. ಮೆಟ್ಟಿಲು ಹತ್ತಿದರೆ ಈಗ ಒಂದು ಸಲ ನಿಂತರೆ ಸಾಕು.

ರಾತ್ರಿ ಪಾಳಿ ಸಿಸ್ಟರ್ · ರಾಯಚೂರು

8.9ರಿಂದ 10.7! ಗುಳಿಗೆ ಬಿಡಬೇಡಿ, 12 ಮುಟ್ಟಿದ ಮೇಲೂ ಡಾಕ್ಟರ್ ಹೇಳುವವರೆಗೆ ನಡೆಸಿ.

ಜೀನ್ಸ್ ಮಿಷನ್ · ಬಳ್ಳಾರಿ

ಅಕ್ಕ, ಚಾ ಬಿಟ್ಟಿರಾ?

ಭತ್ತದ ನಾಡಿನಾಕಿ · ಗಂಗಾವತಿ

ಚಾ ಬಿಡುವುದಾ? ಗುಳಿಗೆಯನ್ನು ರಾತ್ರಿಗೆ ಹಾಕಿದ್ದೇನೆ. ಸಂಜೆ ಮಿರ್ಚಿ ಒಗ್ಗರಣೆ, ಚಾ ಎರಡೂ ಹಾಗೇ ಇವೆ.